‘ನಾವು’ ಎಂದರೆ ಯಾರು?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯ ದಿನಗಳಲ್ಲಿ ಹವ್ಯಕರ ಮನೆಯೊಂದರ ಜಗಲಿಯಲ್ಲಿ ನೆಂಟನೊಬ್ಬ ಕವಳ ಹಾಕುತ್ತ ಕುಳಿತಿದ್ದಾನೆ ಎಂದುಕೊಳ್ಳೋಣ. ಮನೆಯ ಯಜಮಾನ ಹೊರಗೆ ಬಂದು ‘ಭಾವಾ, ಯಂಗ ಜಾತ್ರೆಗೆ ಹೊಂಟ್ಯ’ ಎಂದರೆ, ಹೊರಟವರು ಮನೆಯವರು, ತಾನು ಆ ಲೆಕ್ಕದಲ್ಲಿಲ್ಲ ಎಂಬುದು ನೆಂಟನಿಗೆ ತಿಳಿಯುತ್ತದೆ. ‘ನಾವು ಜಾತ್ರೆಗೆ ಹೋಪನ’ ಎಂದರೆ ಆತ ಶಾಲು ಹೆಗಲಿಗೆ ಹಾಕಿಕೊಂಡು ಎದ್ದು ನಿಲ್ಲುತ್ತಾನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವಿಗನ್ನಡದಲ್ಲಿ ಹೀಗೆ ‘ನಾವು’ ಎನ್ನಲು ಎರಡು ಮಾತುಗಳುಂಟು. ಕೇಳುವವನನ್ನು ಹೊರಗಿಟ್ಟು ಹೇಳುವುದು ‘ಯಂಗ’. ಅವನನ್ನೂ ಸೇರಿಸಿಕೊಂಡು ಹೇಳುವುದು ‘ನಾವು’. ಉಚ್ಚಾರ ಊರಿನಿಂದ ಊರಿಗೆ ತುಸು ಬದಲಾಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರಲ್ಲಿ ಅದೇ ‘ಯಂಗ’ ‘ಎಂಗೊ’ ಆಗಿದೆ. ವ್ಯಾಕರಣಕಾರರು ಮೊದಲನೆಯದನ್ನು ವ್ಯಾವರ್ತಕ, ಎರಡನೆಯದನ್ನು ಸಮಾವೇಶಕ ಎಂಬ ದೊಡ್ಡ ಹೆಸರುಗಳಿಂದ ಕರೆಯಬಹುದು. ಆದರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇವನ್ನು ತಪ್ಪದೆ ಬಳಸುತ್ತಾಳೆ.

ಇಂಗ್ಲಿಷಿನ ‘ವಿ’ ಎಂಬ ಪದಕ್ಕೆ ಈ ಸೌಲಭ್ಯವಿಲ್ಲ. ‘ವಿ ಆರ್ ಗೋಯಿಂಗ್’ ಎಂದಾಗ ಎದುರಿಗಿರುವವನು ಹೊರಡಬೇಕೋ ಕೂರಬೇಕೋ ಎಂಬುದನ್ನು ಸಂದರ್ಭವೇ ಹೇಳಬೇಕು. ಈ ಅಸ್ಪಷ್ಟತೆಯನ್ನು ಆ ಭಾಷೆಯವರು ನಾನಾ ಬಗೆಯಲ್ಲಿ ಬಳಸಿಕೊಂಡಿದ್ದಾರೆ. ಪತ್ರಿಕೆಯ ಸಂಪಾದಕ ತನ್ನೊಬ್ಬನ ಅಭಿಪ್ರಾಯವನ್ನು ‘ವಿ’ ಎಂದು ಬರೆಯುತ್ತಾನೆ. 1858ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಭಾರತೀಯರಿಗೆ ಹೊರಟ ಘೋಷಣೆಯಲ್ಲಿ ರಾಣಿ ಒಬ್ಬಳೇ ‘ವಿ’. ಆಸ್ಪತ್ರೆಯ ದಾದಿ ರೋಗಿಯನ್ನು ‘ಹೌ ಆರ್ ವಿ ಟುಡೇ’ ಎಂದು ಕೇಳಿದರೆ ಆ ‘ವಿ’ಯಲ್ಲಿ ದಾದಿ ಇಲ್ಲವೇ ಇಲ್ಲ, ಜ್ವರವೆಲ್ಲ ರೋಗಿಯದೇ.

ಇಂಗ್ಲಿಷಿನಲ್ಲಿ ಒಂದು ಕಡೆ ಮಾತ್ರ ಈ ಭೇದ ಇಣುಕುತ್ತದೆ. ‘ಲೆಟ್ಸ್ ಗೋ’ ಎಂದರೆ ‘ಬನ್ನಿ, ಹೋಗೋಣ’, ಕೇಳುವವನೂ ಅದರಲ್ಲಿದ್ದಾನೆ. ಅದನ್ನೇ ಬಿಡಿಸಿ ‘ಲೆಟ್ ಅಸ್ ಗೋ’ ಎಂದರೆ ‘ನಮ್ಮನ್ನು ಹೋಗಗೊಡಿ’ ಎಂಬ ಬೇಡಿಕೆಯೂ ಆಗಬಹುದು. ಆಗ ಕೇಳುವವನು ಬಾಗಿಲಿಗೆ ಅಡ್ಡ ನಿಂತವನು. ನಮ್ಮ ಶಿಷ್ಟ ಕನ್ನಡದ ಸ್ಥಿತಿಯೂ ಸುಮಾರಾಗಿ ಇದೇ. ‘ನಾವು’ ಒಂದೇ. ಆದರೆ ‘ಹೋಗೋಣ’ ಎಂಬ ಕ್ರಿಯಾಪದ ಕೇಳುವವನನ್ನು ಬಿಟ್ಟು ಬರುವುದಿಲ್ಲ. ‘ನಾವು ಹೋಗುತ್ತೇವೆ’ ಎಂದಾಗ ಆತ ಸಾಮಾನ್ಯವಾಗಿ ಉಳಿದುಬಿಡುತ್ತಾನೆ. ಅಲ್ಲೂ ಸಂದೇಹ ಬಂದರೆ ‘ನಾವು ನೀವು’, ‘ನಾವೆಲ್ಲ’, ‘ನಾವಷ್ಟೇ’ ಎಂದು ತೇಪೆ ಹಾಕಿಕೊಳ್ಳುತ್ತೇವೆ.

ಹವಿಗನ್ನಡ ಈ ವಿಷಯದಲ್ಲಿ ಒಂಟಿಯಲ್ಲ. ತಮಿಳಿನಲ್ಲಿ ‘ನಾಂಗಳ್’ ಮತ್ತು ‘ನಾಮ್’, ಮಲಯಾಳದಲ್ಲಿ ‘ಞಂಙಳ್’ ಮತ್ತು ‘ನಮ್ಮಳ್’, ತೆಲುಗಿನಲ್ಲಿ ‘ಮೇಮು’ ಮತ್ತು ‘ಮನಮು’, ತುಳುವಿನಲ್ಲಿ ‘ಎಂಕುಳು’ ಮತ್ತು ‘ನಮ’. ಪ್ರತಿ ಜೋಡಿಯಲ್ಲೂ ಮೊದಲನೆಯದು ಕೇಳುವವನನ್ನು ಬಿಟ್ಟದ್ದು. ಮೂಲದ್ರಾವಿಡ ಭಾಷೆಯಲ್ಲಿಯೇ ಈ ಭೇದವಿತ್ತೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಕನ್ನಡದ ಹಳೆಯ ಬರವಣಿಗೆಯಲ್ಲಿ ‘ಎಮ್ಮ’, ‘ನಮ್ಮ’ ಎಂಬ ಎರಡು ರೂಪಗಳೂ ಸಿಗುತ್ತವೆ. ಆದರೆ ಅವುಗಳ ನಡುವಿನ ಗೆರೆ ಬಲು ಹಿಂದೆಯೇ ಅಳಿಸಿತು. ಮುಂದೆ ‘ಎಮ್ಮ’ ಕಾವ್ಯದ ಮಾತಾಗಿ ಉಳಿದು, ‘ನಮ್ಮ’ ಎಲ್ಲ ಕೆಲಸಕ್ಕೂ ನಿಂತಿತು. ‘ನಾನು’ ಎನ್ನಲು ಹಳಗನ್ನಡದ ‘ಆನ್’ ಅನ್ನು ‘ಆನು’ ಎಂದು ಕಾಪಾಡಿಕೊಂಡ ಹವಿಗನ್ನಡ, ‘ಯಂಗ’ವನ್ನೂ ಉಳಿಸಿಕೊಂಡಿತು. ನೆರೆಯ ಮರಾಠಿಯಲ್ಲಿ ‘ಆಮ್ಹಿ’, ‘ಆಪಣ್’ ಎಂಬ ಇಂಥದೇ ಜೋಡಿಯುಂಟು. ಅದು ದ್ರಾವಿಡ ಭಾಷೆಗಳ ಒಡನಾಟದಿಂದ ಬಂದದ್ದೆಂಬುದು ಹಲವು ವಿದ್ವಾಂಸರ ಮತ.

ಹೊರಗಿನವರು ಈ ಭೇದವನ್ನು ಗಮನಿಸಿ ಬರೆದಿಟ್ಟದ್ದು ದೂರದ ಪೆರು ದೇಶದಲ್ಲಿ. ಅಲ್ಲಿಯ ಕೆಚುವಾ ಭಾಷೆಗೆ ಸ್ಪೇನಿನ ಪಾದ್ರಿ ದೊಮಿಂಗೊ ದೆ ಸಾಂತೊ ತೊಮಾಸ್ 1560ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಎರಡು ‘ನಾವು’ಗಳ ವಿವರಣೆಯಿದೆ. ಪಾದ್ರಿಗಳಿಗೆ ಇದು ಬರಿಯ ಕುತೂಹಲದ ವಿಷಯವಾಗಿರಲಿಲ್ಲ. ದೇವರಿಗೆ ‘ನಮ್ಮ ತಂದೆಯೇ’ ಎನ್ನುವಾಗ ಯಾವ ‘ನಮ್ಮ’ ಬಳಸಬೇಕು? ಸೇರಿಸಿಕೊಳ್ಳುವ ಪದ ಹಾಕಿದರೆ ದೇವರು ತನಗೆ ತಾನೇ ತಂದೆಯಾದಂತಾಗುತ್ತದೆ! ಕ್ರೈಸ್ತರ ಪ್ರಾರ್ಥನೆಯ ತಮಿಳು ರೂಪದಲ್ಲಿ ‘ಎಂಗಳ್’ ಎಂದೂ ತೆಲುಗಿನಲ್ಲಿ ‘ಮಾ’ ಎಂದೂ ಇರುವುದು ಇದಕ್ಕೇ. ಎರಡೂ ಕೇಳುವವನನ್ನು ಹೊರಗಿಡುವ ಪದಗಳು. ಪಾಪುವಾ ನ್ಯೂಗಿನಿಯಲ್ಲಿ ಇಂಗ್ಲಿಷಿನಿಂದಲೇ ಹುಟ್ಟಿದ ಟೋಕ್ ಪಿಸಿನ್ ಭಾಷೆಯಂತೂ ಇಂಗ್ಲಿಷಿನ ಕೊರತೆಯನ್ನು ತಾನೇ ತುಂಬಿಕೊಂಡಿದೆ. ‘ಯು’ ಮತ್ತು ‘ಮಿ’ ಸೇರಿ ‘ಯುಮಿ’, ಅಂದರೆ ನೀನೂ ನಾನೂ. ಕೇಳುವವನನ್ನು ಬಿಟ್ಟರೆ ‘ಮಿಪೆಲಾ’.

ನಮ್ಮ ಸಂವಿಧಾನದ ಅನುವಾದಕರಿಗೂ ಈ ಪ್ರಶ್ನೆ ಎದುರಾಯಿತು. 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನದ ಪೀಠಿಕೆ ಶುರುವಾಗುವುದೇ ‘ವಿ’ ಎಂಬ ಪದದಿಂದ. ತಮಿಳಿನವರು ಅದಕ್ಕೆ ‘ನಾಮ್’ ಎಂದು ಬರೆದರು: ಓದುವವನೂ ಅದರಲ್ಲಿದ್ದಾನೆ. ತೆಲುಗಿನವರು ‘ಮೇಮು’ ಎಂದರು, ಮರಾಠಿಯವರು ‘ಆಮ್ಹಿ’ ಎಂದರು. ಇವು ಎದುರಿಗೆ ನಿಂತ ಇನ್ನಾರಿಗೋ ಸಾರಿ ಹೇಳುವ ಪದಗಳು. ಎರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನುವಂತಿಲ್ಲ. ಭಾರತದ ಜನ ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ ಎಂದು ತಿಳಿದರೆ ‘ನಾಮ್’ ಒಪ್ಪುತ್ತದೆ. ಲೋಕಕ್ಕೆ ಮಾಡಿದ ಘೋಷಣೆ ಎಂದು ತಿಳಿದರೆ ‘ಮೇಮು’ ಒಪ್ಪುತ್ತದೆ. ಕನ್ನಡದ ಪೀಠಿಕೆಯಲ್ಲಿ ‘ನಾವು’ ಎಂದಿದೆ. ಇಲ್ಲಿ ಅನುವಾದಕ ಆಯ್ಕೆ ಮಾಡಬೇಕಾಗಲಿಲ್ಲ. ಆ ಕೆಲಸ ಓದುಗನಿಗೆ ಬಿಟ್ಟಿತು.

ಕೇಳುವವನನ್ನು ಹೊರಗಿಡುವುದೆಂದರೆ ಅವಮಾನವಲ್ಲ ಎಂಬುದನ್ನೂ ಹೇಳಬೇಕು. ‘ಯಂಗಳ ಮನೆಗೆ ಬನ್ನಿ’ ಎಂದು ಕರೆಯುವಾಗ ‘ಯಂಗಳ’ ಎಂಬುದೇ ಸರಿಯಾದ ಮಾತು. ಅತಿಥಿಯ ಮನೆ ಬೇರೆ, ಆದ್ದರಿಂದಲೇ ಅವನನ್ನು ಕರೆಯುವುದು. ಬದಲಿಗೆ, ಒಳಗೆ ಸೇರಿಸಿಕೊಳ್ಳದೆಯೇ ಸೇರಿಸಿಕೊಂಡಂತೆ ಮಾತಾಡುವುದರಲ್ಲಿ ತೊಡಕಿದೆ. ಸಭೆಯ ವೇದಿಕೆಯಿಂದ ‘ನಾವು ಕಾಡು ಉಳಿಸಬೇಕು’, ‘ನಾವು ತ್ಯಾಗ ಮಾಡಬೇಕು’ ಎಂಬ ಮಾತು ಬಂದಾಗ, ಆ ‘ನಾವು’ವಿನಲ್ಲಿ ಹೇಳಿದವನೂ ಇದ್ದಾನೆಯೇ ಎಂದು ಕೆಳಗೆ ಕುಳಿತವರು ಊಹಿಸಿಕೊಳ್ಳಬೇಕಾಗುತ್ತದೆ.

ಹವ್ಯಕರ ಮಕ್ಕಳು ಶಾಲೆಯಲ್ಲಿ ಕಲಿಯುವುದು ಒಂದೇ ‘ನಾವು’ ಇರುವ ಕನ್ನಡ ಮತ್ತು ಒಂದೇ ‘ವಿ’ ಇರುವ ಇಂಗ್ಲಿಷು. ಓದು, ನೌಕರಿ ಎಂದು ಬೆಂಗಳೂರು ಸೇರಿದ ಮನೆಗಳಲ್ಲಿ ಮನೆಮಾತು ಉಳಿದರೂ ‘ಯಂಗ’ ಇರಬೇಕಾದಲ್ಲಿ ‘ನಾವು’ ಸುಲಭವಾಗಿ ಬಂದು ಕೂರುತ್ತದೆ. ಅದರಿಂದ ಯಾರ ವ್ಯವಹಾರವೂ ನಿಲ್ಲುವುದಿಲ್ಲ. ಶಿಷ್ಟ ಕನ್ನಡ ಒಂದೇ ಪದದಲ್ಲಿ ಎಷ್ಟೋ ಶತಮಾನ ನಡೆದುಬಂದಿದೆ. ಆದರೆ ಹೀಗೆ ಕಳೆದುಹೋದ ಭೇದವನ್ನು ಆಮೇಲೆ ಯಾವ ಪಂಡಿತನೂ ತಂದು ಕೂರಿಸಲಾರ. ರಜೆಗೆ ಊರಿಗೆ ಬಂದ ಮೊಮ್ಮಗಳಿಗೆ ಅಜ್ಜಿ ‘ಯಂಗ’ ಎಲ್ಲಿ, ‘ನಾವು’ ಎಲ್ಲಿ ಎಂದು ಮಾತಿನಲ್ಲೇ ತೋರಿಸಿಕೊಟ್ಟರೆ ಮಾತ್ರ ಅದು ಮುಂದಿನ ತಲೆಮಾರಿಗೆ ದಾಟೀತು.