ತೋಪಿನ ಮದುವೆಯ ಊಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕಟ್ಟಿದವನಿಗೆ ಸಾಲದ ಜೊತೆಗೆ ಮನೆಯಾದರೂ ಉಳಿಯುತ್ತದೆ. ಮದುವೆ ಮಾಡಿದವನಿಗೆ ಅನೇಕ ವೇಳೆ ಸಾಲವೊಂದೇ ಉಳಿಯುವುದುಂಟು; ಆ ಸಾಲದಲ್ಲಿ ಊಟದ ಪಾಲು ಚಿಕ್ಕದಲ್ಲ. ಅತಿಥಿಗಳು ಹೊಟ್ಟೆ ತುಂಬ ಉಂಡು, ಯಜಮಾನನು ಸಾಲಕ್ಕೆ ಬೀಳದೆ, ಮರಗಳ ನೆರಳಿನಲ್ಲಿ ಮದುವೆಯ ಊಟವನ್ನು ನಡೆಸುವ ಬಗೆ ಹೇಗೆಂಬುದನ್ನು ಈಗ ಕೆಲವು ನಿಮಿಷ ವಿಚಾರಮಾಡೋಣ.

ನಾನು ರಸಾಯನಶಾಸ್ತ್ರವನ್ನು ಕಲಿಸುವವನು. ಪಾಕಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳ ಮದುವೆ ಮೈಸೂರಿನ ಹೊರಗಿನ ಒಂದು ಮಾವಿನ ತೋಪಿನಲ್ಲಿ ನಡೆಯಿತು. ಊಟದ ಲೆಕ್ಕ ನನ್ನ ಪಾಲಿಗೆ ಬಂದಿತು. ಅಡಿಗೆಯವರು ಮೊದಲು ತಂದ ಪಟ್ಟಿಯಲ್ಲಿ 22 ಬಗೆಗಳಿದ್ದುವು, ಜನ 300. ಭಾವನವರು ಪಟ್ಟಿಯನ್ನು ಓದಿ ನಿಟ್ಟುಸಿರುಬಿಟ್ಟು, “ಬೀಗರ ಮುಂದೆ ಮಾನ ಉಳಿಯಬೇಕಲ್ಲಪ್ಪ. ಮಗನ ಓದಿಗೆಂದು ಇಟ್ಟಿರುವುದನ್ನು ತೆಗೆದರಾಯಿತು” ಎಂದರು. ಒಳಗಿನಿಂದ ಹುಡುಗಿ ಬಂದು, “ಅಪ್ಪ, ನನ್ನ ಮದುವೆಯ ಊಟಕ್ಕೆ ತಮ್ಮನ ಕಾಲೇಜನ್ನು ಮಾರಬೇಡಿ” ಎಂದಳು. ಆ ಮಾತಿನ ಮೇಲೆ ಪಟ್ಟಿ ಮಡಿಸಲ್ಪಟ್ಟಿತು. ಹೊಸ ಲೆಕ್ಕ ಆರಂಭವಾಯಿತು.

ಸರಳವಾದ ಮದುವೆಯೆಂದರೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ವಿವಾಹಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅದರಂತೆಯೇ ನಡೆಸಿ ತೋರಿಸಿದರು. ಆದರೂ ಎಲೆಯ ಮೇಲಿನ ಬಗೆಗಳನ್ನು ಎಣಿಸಿ ಮನೆತನವನ್ನು ಅಳೆಯುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಕಲ್ಯಾಣ ಮಂಟಪಗಳನ್ನು ಪರಿಶೀಲಿಸಿ, ಆ ಒಂದು ನಗರದ ಮದುವೆಗಳಲ್ಲಿಯೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆಯೆಂದು ಲೆಕ್ಕಹಾಕಿದರು.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅಡಿಗೆಯವನು ಯಾವ ಬಗೆಯೂ ಸಾಲದೆ ಹೋಗಬಾರದೆಂದು ಪ್ರತಿಯೊಂದನ್ನೂ ಸ್ವಲ್ಪ ಹೆಚ್ಚಾಗಿಯೇ ಮಾಡುತ್ತಾನೆ. ಆರು ಬಗೆಗಳಿದ್ದರೆ ಆರು ಪಾತ್ರೆಗಳಲ್ಲಿ ಸ್ವಲ್ಪ ಸ್ವಲ್ಪ ಮಿಗುತ್ತದೆ. 22 ಬಗೆಗಳಿದ್ದರೆ 22 ಪಾತ್ರೆಗಳಲ್ಲಿಯೂ ಮಿಗುತ್ತದೆ. ಉಣ್ಣುವವನ ಹೊಟ್ಟೆಯಾದರೋ ಅಷ್ಟೇ ಇರುತ್ತದೆ. ಆದಕಾರಣ ಮಿತವ್ಯಯದ ಮೊದಲ ಸೂತ್ರವಿದು: ಬಗೆಗಳನ್ನು ಕಡಮೆಮಾಡಬೇಕು, ಬಡಿಸುವ ಕೈಯನ್ನು ಬಿಗಿಮಾಡಬಾರದು. ಮೂರು ಪದಾರ್ಥಗಳನ್ನು ಧಾರಾಳವಾಗಿ ಬಡಿಸಿದ ಮನೆಯನ್ನು ಯಾರೂ ಹಳಿಯುವುದಿಲ್ಲ. ಹತ್ತು ಪದಾರ್ಥಗಳನ್ನು ಚಮಚದಲ್ಲಿ ಅಳೆದು ಬಡಿಸಿದ ಮನೆಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಎರಡನೆಯದು ಜನರ ಎಣಿಕೆ. “ಸುಮಾರು ಇಷ್ಟು” ಎನ್ನುವ ಮಾತೇ ಸಾಲದ ಮೂಲ. ನಾವು ಮನೆಮನೆಯ ಹೆಸರನ್ನು ಬರೆದು, ಬರುವವರನ್ನು ಕೇಳಿ ಎಣಿಸಿದೆವು, 135 ಮಂದಿಯಾದರು. ವಾಲಗದವರು, ಪುರೋಹಿತರು, ವಾಹನ ನಡೆಸುವವರು, ಚಿತ್ರ ತೆಗೆಯುವವರು, ತೋಪಿನ ಕಾವಲುಗಾರನ ಮನೆಯವರು ಸೇರಿ ಇನ್ನು 15 ಮಂದಿ. ಇವರನ್ನು ಮರೆತು ಲೆಕ್ಕಮಾಡಿದ ಮದುವೆಯಲ್ಲಿ ಕೊನೆಗೆ ಹಸಿಯುವವರೂ ಇವರೇ. ಅವರೂ ಅತಿಥಿಗಳೆಂದೇ ಭಾವಿಸಿ 150 ಎಲೆ ಎಂದು ನಿಶ್ಚಯಿಸಿದೆವು. ಹರಿದ ಎಲೆಗಳಿಗಾಗಿ 25 ಹೆಚ್ಚಾಗಿ ತರಿಸಿದೆವು.

ಮೂರನೆಯದು ಸ್ಥಳದ ನಿಯಮ. ನಗರದ ಉದ್ಯಾನಗಳಲ್ಲಾಗಲಿ ಖಾಸಗಿ ತೋಟಗಳಲ್ಲಾಗಲಿ ಮುಂದಾಗಿ ಅನುಮತಿ ಪಡೆಯಬೇಕು. ಒಲೆ ಹೂಡಬಹುದೇ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ನಮ್ಮ ಮದುವೆ ಫೆಬ್ರವರಿ ತಿಂಗಳಿನಲ್ಲಿ; ಮಾವು ಹೂ ಬಿಟ್ಟಿತ್ತು, ನೆಲದ ತುಂಬ ತರಗೆಲೆ. ತೋಪಿನ ಯಜಮಾನರು ಬೆಂಕಿಯನ್ನು ಖಂಡಿತವಾಗಿ ಬೇಡವೆಂದರು. ಆದ್ದರಿಂದ ಐದು ಕಿಲೋಮೀಟರ್ ದೂರದ ಒಂದು ಮನೆಯಲ್ಲಿ ಅಡಿಗೆ ಮಾಡಿ ತರಬೇಕಾಯಿತು. ಒಯ್ಯಬಹುದಾದ ಅಡಿಗೆ ಯಾವುದು, ಬಿಸಿಲನ್ನು ತಾಳುವ ಅಡಿಗೆ ಯಾವುದು ಎಂಬ ಎರಡು ಪ್ರಶ್ನೆಗಳೇ ನಮ್ಮ ಪಟ್ಟಿಯನ್ನು ಬರೆದುವು.

ಪಟ್ಟಿ ಹೀಗಾಯಿತು: ಉಪ್ಪಿನಕಾಯಿ, ಕೋಸಂಬರಿ, ಹುರುಳಿಕಾಯಿ ಪಲ್ಯ, ಹಯಗ್ರೀವ, ಬಿಸಿಬೇಳೆ ಅನ್ನ, ಹಪ್ಪಳ, ಮೊಸರನ್ನ, ನೀರುಮಜ್ಜಿಗೆ. 150 ಎಲೆಗಳಿಗೆ ಬಿಸಿಬೇಳೆ ಅನ್ನಕ್ಕೆ 8 ಕಿಲೋ ಅಕ್ಕಿ, 5 ಕಿಲೋ ತೊಗರಿಬೇಳೆ, 10 ಕಿಲೋ ತರಕಾರಿ. ಮೊಸರನ್ನಕ್ಕೆ 5 ಕಿಲೋ ಅಕ್ಕಿ, 7 ಲೀಟರ್ ಹಾಲು, 3 ಲೀಟರ್ ಮೊಸರು. ಪಲ್ಯಕ್ಕೆ 8 ಕಿಲೋ ಹುರುಳಿಕಾಯಿ. ಕೋಸಂಬರಿಗೆ 2 ಕಿಲೋ ಹೆಸರುಬೇಳೆ, 4 ಕಿಲೋ ಸೌತೆಕಾಯಿ. ಹಯಗ್ರೀವಕ್ಕೆ 4 ಕಿಲೋ ಕಡಲೆಬೇಳೆ, ಅಷ್ಟೇ ಬೆಲ್ಲ. ಮಜ್ಜಿಗೆಗೆ 8 ಲೀಟರ್ ಮೊಸರು. ಎರಡನೆಯ ಸಲ ಕೇಳಿದವರಿಗೆ ಇಲ್ಲವೆನ್ನದಷ್ಟು ಈ ಅಳತೆಯಲ್ಲಿಯೇ ಅಡಗಿತ್ತು.

ಪ್ರತಿಯೊಂದಕ್ಕೂ ಕಾರಣವುಂಟು. ಹಾಲಿನ ಪಾಯಸ ಬಿಸಿಲಿನಲ್ಲಿ ಬೇಗ ಕೆಡುತ್ತದೆ, ಒಯ್ಯುವಾಗ ತುಳುಕುತ್ತದೆ. ಕಡಲೆಬೇಳೆ ಬೆಲ್ಲಗಳ ಹಯಗ್ರೀವಕ್ಕೆ ಆ ಎರಡು ಭಯವೂ ಇಲ್ಲ, ವೆಚ್ಚವೂ ಕಡಮೆ. ಬಿಸಿಬೇಳೆ ಅನ್ನದಲ್ಲಿ ಅನ್ನ, ಹುಳಿ, ತರಕಾರಿಗಳು ಒಂದೇ ಪಾತ್ರೆಯಲ್ಲಿ ಸೇರುವುದರಿಂದ ಪಾತ್ರೆಗಳೂ ಬಡಿಸುವ ಕೈಗಳೂ ಮಿಗುತ್ತವೆ. ಅದು ಆರಿದಂತೆ ಗಟ್ಟಿಯಾಗುವುದರಿಂದ ತುಸು ತೆಳ್ಳಗೆ ಮಾಡಿ, ಜೊತೆಗೆ ಒಂದು ಪಾತ್ರೆ ಕುದಿನೀರನ್ನೂ ಒಯ್ಯಬೇಕು. ಕೋಸಂಬರಿಗೆ ಉಪ್ಪನ್ನೂ ತೆಂಗಿನ ತುರಿಯನ್ನೂ ಬಡಿಸುವ ಹೊತ್ತಿನಲ್ಲಿಯೇ ಬೆರಸಬೇಕು; ಉಪ್ಪು ಮೊದಲೇ ಬಿದ್ದರೆ ಸೌತೆಕಾಯಿ ನೀರುಬಿಡುತ್ತದೆ, ತೆಂಗು ಬೇಗ ಹಳಸುತ್ತದೆ. ಮೊಸರನ್ನಕ್ಕೆ ಹಾಲೇ ಹೆಚ್ಚಾಗಿ, ಮೊಸರು ಕಡಮೆಯಾಗಿ ಇರಬೇಕೆಂಬುದನ್ನು ನಮ್ಮ ಅಜ್ಜಿಯರು ಬಲ್ಲರು. ಹಾಗೆ ಮಾಡಿದರೆ ಊಟದ ಹೊತ್ತಿಗೂ ಅದು ಹುಳಿಯಾಗದೆ ಇರುತ್ತದೆ.

ಇಲ್ಲಿ ನನ್ನ ಶಾಸ್ತ್ರದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರಬಹುದು. ಅವು ಕುದಿಯುವ ನೀರಿನಲ್ಲಿಯೂ ಉಳಿಯಬಲ್ಲುವು. ಅನ್ನ ಬೆಚ್ಚಗೆ ಬಹಳ ಹೊತ್ತು ನಿಂತರೆ ಅವು ಮೊಳೆತು ವಾಂತಿಯನ್ನುಂಟುಮಾಡುವ ವಿಷವನ್ನು ಹುಟ್ಟಿಸುತ್ತವೆ. ಆ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಬಿಸಿಯ ಅಡಿಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಇಳಿದ ಅಡಿಗೆಯನ್ನು ಎರಡು ಗಂಟೆಯೊಳಗೆ, ಬಿಸಿಲು 32 ಡಿಗ್ರಿ ಮೀರಿದ್ದರೆ ಒಂದು ಗಂಟೆಯೊಳಗೆ, ಉಂಡು ಮುಗಿಸಬೇಕು. ಬಿಸಿಬೇಳೆ ಅನ್ನದ ಪಾತ್ರೆಗಳಿಗೆ ಬಿಗಿಯಾಗಿ ಮುಚ್ಚಳವಿಕ್ಕಿ, ಸುತ್ತಲೂ ಹುಲ್ಲು ಹಾಸಿ, ಗೋಣಿಯಿಂದ ಸುತ್ತಿದೆವು. ಮೊಸರನ್ನದ ಅನ್ನವನ್ನು ಹಿಂದಿನ ರಾತ್ರಿ ಮಾಡಿಡದೆ, ಹೊರಡುವುದಕ್ಕೆ ಮುಂಚೆ ಮಾಡಿ, ಅಗಲವಾದ ತಟ್ಟೆಗಳಲ್ಲಿ ಬೇಗ ಆರಿಸಿ, ತಣ್ಣನೆಯ ಹಾಲಿನಲ್ಲಿ ಕಲಸಿ, ಮಂಜುಗಡ್ಡೆಯ ನಡುವೆ ಇಟ್ಟು ಒಯ್ದೆವು. ಕುಡಿಯುವುದಕ್ಕೆ ತಲೆಗೊಂದು ಲೀಟರ್ ನೀರು; ಕೈ ತೊಳೆಯಲು ಬೇರೆ ಪೀಪಾಯಿ. ಬಿಸಾಡುವ ಪ್ಲಾಸ್ಟಿಕ್ ಲೋಟ ತಟ್ಟೆಗಳನ್ನು ಕರ್ನಾಟಕ ಸರ್ಕಾರವು 2016ರಲ್ಲಿಯೇ ನಿಷೇಧಿಸಿತು. ಸ್ಟೀಲಿನ ಲೋಟಗಳನ್ನು ಬಾಡಿಗೆಗೆ ತಂದರೆ ತೋಪೂ ಶುಚಿಯಾಗಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದನ್ನು ಮರೆತಿದ್ದೆ. ಪಂಕ್ತಿಯ ಜಾಗವನ್ನು ಗೊತ್ತುಮಾಡಲು ಹಿಂದಿನ ದಿನ ಸಂಜೆ ನಾಲ್ಕಕ್ಕೆ ಹೋಗಿದ್ದೆ. ಆಗ ಮರಗಳ ಪೂರ್ವಕ್ಕೆ ತಂಪಾದ ನೆರಳಿತ್ತು. ಅಲ್ಲಿಯೇ ಗೆರೆ ಎಳೆದು ಬಂದೆ. ಮರುದಿನ ಹನ್ನೊಂದೂವರೆಗೆ ನೋಡಿದರೆ ಅಲ್ಲಿ ಕಣ್ಣು ಕುಕ್ಕುವ ಬಿಸಿಲು! ನೆರಳು ಮರದ ಬುಡಕ್ಕೂ ಉತ್ತರಕ್ಕೂ ಸರಿದಿತ್ತು. ಹಾಸಿದ ಜಮಖಾನಗಳನ್ನು ಎಳೆದು, ಹಾಕಿದ ಎಲೆಗಳನ್ನು ಎತ್ತಿ ಮತ್ತೆ ಹಾಕಬೇಕಾಯಿತು. ವಿಜ್ಞಾನದ ಅಧ್ಯಾಪಕನಿಗೆ ಸೂರ್ಯನ ಚಲನೆ ತಿಳಿಯದೆ ಹೋಯಿತೆಂದು ಬೀಗರು ನಕ್ಕರು. ಅವರೇ ಜಮಖಾನದ ಒಂದು ತುದಿಯನ್ನು ಹಿಡಿದು ಎಳೆದರು. ಊಟದ ಸ್ಥಳವನ್ನು ಊಟದ ಹೊತ್ತಿನಲ್ಲಿಯೇ ನೋಡಿ ಬರಬೇಕೆಂಬುದು ಅಂದು ನಾನು ಕಲಿತ ಪಾಠ.

ಪಂಕ್ತಿಗೆ 75 ಎಲೆಯಂತೆ ಎರಡು ಪಂಕ್ತಿ. ಕೂಲಿಯವರನ್ನು ಕರೆಯದೆ ಹುಡುಗಿಯ ಗೆಳೆಯರೂ ನೆಂಟರ ಮಕ್ಕಳೂ ಎಂಟು ಮಂದಿ ಬಡಿಸಿದರು. ಬಡಿಸುವ ಪದ್ಧತಿಯಲ್ಲಿಯೂ ಮಿತವ್ಯಯವುಂಟು. ಮೊದಲು ಸ್ವಲ್ಪ ಬಡಿಸಿ, ಮತ್ತೆ ಮತ್ತೆ ಬಂದು ಕೇಳಬೇಕು. ಒಮ್ಮೆಗೇ ರಾಶಿ ಹಾಕಿದ್ದು ಎಲೆಯಲ್ಲಿ ಉಳಿಯುತ್ತದೆ. ಕೇಳಿ ಹಾಕಿಸಿಕೊಂಡದ್ದು ಹೊಟ್ಟೆಗೆ ಸೇರುತ್ತದೆ. ಅತಿಥಿಗೂ ಎರಡು ಸಲ ಉಪಚಾರವಾದಂತಾಗುತ್ತದೆ.

ಎರಡನೆಯ ಪಂಕ್ತಿಯಲ್ಲಿ ವಾಲಗದವರ ಪಕ್ಕದಲ್ಲಿ ಭಾವನವರು ಕುಳಿತರು. ಬಡಿಸಲು ಬಂದವಳು ಮದುಮಗಳೇ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಾದರೇನು ಎಂಬ ಗಾದೆ ನನಗೆ ನೆನಪಾಯಿತು. ಊಟವಾದ ಮೇಲೆ ಬೀಗರು ಕೈ ತೊಳೆದು ಬಂದು, “ಬಿಸಿಬೇಳೆ ಅನ್ನವನ್ನು ಮೂರು ಸಲ ಹಾಕಿಸಿಕೊಂಡೆ” ಎಂದರು. ಎಷ್ಟು ಬಗೆಯಿತ್ತೆಂದು ಅವರು ಎಣಿಸಿರಲಿಲ್ಲ. ಪಾತ್ರೆಗಳ ತಳದಲ್ಲಿ ಮಿಕ್ಕದ್ದು ಬಡಿಸಿದ ಹುಡುಗರಿಗೆ ಸರಿಹೋಯಿತು. ಮಗನ ಓದಿನ ಹಣ ಇದ್ದಲ್ಲಿಯೇ ಇದ್ದಿತು. ಆ ಜೂನ್ ತಿಂಗಳಲ್ಲಿ ಅವನು ಕಾಲೇಜಿಗೆ ಸೇರಿದನು.

ಅತಿಥಿಯ ಗೌರವ ಎಲೆಯ ಮೇಲಿನ ಬಗೆಗಳ ಸಂಖ್ಯೆಯಲ್ಲಿಲ್ಲ, ಬಿಸಿಯಾದ ಅನ್ನದಲ್ಲಿ, ತಂಪಾದ ನೆರಳಿನಲ್ಲಿ, “ಇನ್ನು ಸ್ವಲ್ಪ ಹಾಕಲೇ?” ಎಂಬ ಮಾತಿನಲ್ಲಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮದುವೆಯ ಪಟ್ಟಿ ಸಿದ್ಧವಾಗುತ್ತಿದ್ದರೆ, ದಯವಿಟ್ಟು ಇನ್ನೊಮ್ಮೆ ಅದನ್ನು ಕೈಗೆ ತೆಗೆದುಕೊಂಡು ಓದಿರಿ.