ಓಟಕ್ಕೆ ವಯಸ್ಸು ಮೀರಿತೆನ್ನಬೇಡಿ

ನಲವತ್ತು ಸಮೀಪಿಸಿತೆಂದರೆ ಓಟವು ಮಕ್ಕಳ ಪಾಲಿನದೆಂದು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಗೃಹಿಣಿಯರ ವಿಷಯದಲ್ಲಂತೂ ಆ ಯೋಚನೆಯೇ ಸುಳಿಯದು. ಇಂಗ್ಲೆಂಡಿನ ಪ್ರಿಸಿಲ್ಲಾ ವೆಲ್ಚ್ ಅವರ ಜೀವನ ಈ ಭಾವನೆಯನ್ನು ಅಲ್ಲಗಳೆಯುತ್ತದೆ.

1944ರಲ್ಲಿ ಜನಿಸಿದ ಈಕೆ ಮೂವತ್ತು ದಾಟುವವರೆಗೂ ಕ್ರೀಡೆಯ ಗೊಡವೆಗೆ ಹೋದವರಲ್ಲ. ಧೂಮಪಾನದ ಚಟವೂ ಇತ್ತು. ಮೂವತ್ತೈದರ ಆಸುಪಾಸಿನಲ್ಲಿ ಪತಿಯ ಪ್ರೋತ್ಸಾಹದಿಂದ ಓಡಲಾರಂಭಿಸಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗಾಗಿ ಪ್ರಥಮ ಬಾರಿಗೆ ಮ್ಯಾರಥಾನ್ ಏರ್ಪಟ್ಟಾಗ ಆರನೆಯ ಸ್ಥಾನ ಪಡೆದರು. ಸುಮಾರು 42 ಕಿಲೋಮೀಟರುಗಳ ಆ ಓಟವನ್ನು 1987ರಲ್ಲಿ ನ್ಯೂಯಾರ್ಕಿನಲ್ಲಿ ಗೆದ್ದಾಗ ಅವರ ವಯಸ್ಸೂ 42!

ಎಲ್ಲರೂ ಆ ಎತ್ತರಕ್ಕೇರಲಾರರು, ನಿಜ. ಆದರೆ ಎಲ್ಲರೂ ಆರಂಭಿಸಬಲ್ಲರು. ಇಲ್ಲಿ ಅವಸರವೇ ಶತ್ರು. ಹೃದಯ, ಶ್ವಾಸಕೋಶಗಳು ಕೆಲವು ವಾರಗಳಲ್ಲಿ ಬಲಗೊಳ್ಳುತ್ತವೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಒಪ್ಪಿತೆಂದು ದೂರವನ್ನು ಒಮ್ಮೆಲೇ ಹೆಚ್ಚಿಸಿದವರು ಮೊಣಕಾಲು ಹಿಡಿದು ಕೂರುವುದು ಇದರಿಂದಲೇ.

ಆದುದರಿಂದ ಮೊದಲು ನಡಿಗೆಯನ್ನು ರೂಢಿಸಿಕೊಳ್ಳಿರಿ. ಅನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರಕ್ಕೆ ಮೂರು ದಿನ ಸಾಕು. ನಡುವೆ ವಿಶ್ರಾಂತಿ ಇರಲಿ. ಓಡುತ್ತಲೇ ಮಾತನಾಡಲು ಸಾಧ್ಯವಾದರೆ ಅದೇ ಸರಿಯಾದ ವೇಗ. ಹೃದ್ರೋಗ, ಮಧುಮೇಹ, ರಕ್ತದೊತ್ತಡ ಉಳ್ಳವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು.

ಮನೆಯವರಿಗೊಂದು ವಿನಂತಿ: ತಾಯಿಗೋ ಪತ್ನಿಗೋ ಬೆಳಗಿನ ಅರ್ಧ ಗಂಟೆಯನ್ನು ಬಿಟ್ಟುಕೊಡಿರಿ, ಆ ಹೊತ್ತಿನ ಒಲೆಯ ಕೆಲಸವನ್ನು ನೀವು ನೋಡಿಕೊಳ್ಳಿರಿ. ಅವರ ಆರೋಗ್ಯ ಮನೆಯ ಭಾಗ್ಯವಲ್ಲವೇ?