ಬ್ಯಾಡ, ಹಾಕಬ್ಯಾಡ, ಇಲ್ಲದ, ಸಾಕು: ಗದಗ-ಬೆಟಗೇರಿಯ ಗಿರ್ಮಿಟ್ ಅಂಗಡಿಯ ನಿಷೇಧ ರಚನೆಗಳು

ಬರ್ಗರ್ ಅಂಗಡಿಯ ಪರದೆಯ ಮೇಲೆ ಈರುಳ್ಳಿಯನ್ನು ನಿರಾಕರಿಸಲು ಒಂದು ಗುರುತು ಸಾಕಾಗುತ್ತದೆ. ಗದಗ-ಬೆಟಗೇರಿಯ ಗಿರ್ಮಿಟ್ ಅಂಗಡಿಯಲ್ಲಿ ಇದೇ ಉದ್ದೇಶಕ್ಕೆ ಬಳಕೆಯಾಗಬಲ್ಲ ನಾಲ್ಕು ರಚನೆಗಳನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. ಅವು ಪರಸ್ಪರ ಪರ್ಯಾಯಗಳಲ್ಲ. ಒಂದೊಂದೂ ತಯಾರಿಕೆಯ ಬೇರೊಂದು ಹಂತಕ್ಕೆ ಸಂಬಂಧಿಸಿದೆ ಎಂಬುದು ನಮ್ಮ ಪ್ರತಿಪಾದನೆ.

ಗಿರ್ಮಿಟ್ ಎರಡು ಹಂತಗಳಲ್ಲಿ ಸಿದ್ಧವಾಗುತ್ತದೆ. ಉಳ್ಳಾಗಡ್ಡಿ, ಹುಣಸೆರಸ ಮೊದಲಾದವು ಸೇರಿದ ಒಗ್ಗರಣೆಯ ಗೊಜ್ಜನ್ನು ಮುಂಚೆಯೇ ಬೇಯಿಸಿಟ್ಟಿರುತ್ತಾರೆ. ಗಿರಾಕಿ ಕೇಳಿದಾಗ ಅದನ್ನು ಚುರುಮುರಿಯೊಡನೆ ಕಲಸಿ, ಪುಟಾಣಿ ಹಿಟ್ಟು ಬೆರೆಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸುತ್ತಾರೆ.

(1) ನನಗ ಉಳ್ಳಾಗಡ್ಡಿ ಬ್ಯಾಡ್ರಿ.
(2) ನೀವು ಉಳ್ಳಾಗಡ್ಡಿ ಹಾಕಬ್ಯಾಡ್ರಿ.
(3) ಉಳ್ಳಾಗಡ್ಡಿ ಇಲ್ಲದ ಗಿರ್ಮಿಟ್ ಐತೇನ್ರಿ?
(4) ಸಾಕ್ರಿ.

(1) ಮತ್ತು (2)ರಲ್ಲಿ ಕಾಣುವ ‘ಬ್ಯಾಡ’ ಒಂದೇ ರೂಪವಾದರೂ ವಾಕ್ಯರಚನೆ ಬೇರೆ. (1)ರಲ್ಲಿ ಅನುಭವಿ ಚತುರ್ಥಿಯಲ್ಲಿದೆ. ಅದು ಇಚ್ಛೆಯ ನಿರಾಕರಣೆ. (2)ರಲ್ಲಿ ‘ಬ್ಯಾಡ’ ಕ್ರಿಯಾಪದಕ್ಕೆ ಸೇರಿ ನಿಷೇಧಾರ್ಥಕವಾಗಿದೆ. ಕರ್ತೃ ಪ್ರಥಮೆಯಲ್ಲಿದ್ದು, ಮಾತು ಮಾಡುವವರ ಕೈಯನ್ನು ತಡೆಯುತ್ತದೆ. ಮಾತಿನಲ್ಲಿ ‘ನನಗ’, ‘ನೀವು’ ಲೋಪವಾದರೂ ಈ ಭೇದ ಉಳಿಯುತ್ತದೆ. ‘ಬೇಡ’ ಎಂಬುದು ಇಲ್ಲಿ ‘ಬ್ಯಾಡ’ ಆಗುವುದೂ ‘ಬೇಕು’ ಹಾಗೆಯೇ ಉಳಿಯುವುದೂ ಮುಂದಿನ ಸ್ವರಕ್ಕೆ ಅಧೀನವಾದ ಧ್ವನಿ ವ್ಯತ್ಯಾಸ. ಬಹುವಚನದ ವಿಧಿರೂಪದಿಂದ ಬಂದ ಗೌರವಸೂಚಕ ‘-ರಿ’ಯಾದರೋ ನಾಲ್ಕೂ ರಚನೆಗಳ ಕೊನೆಯಲ್ಲಿದೆ.

(3)ರ ‘ಇಲ್ಲದ’ ನಾಮಪದದ ವಿಶೇಷಣ. ಅದು ಯಾವ ಕ್ರಿಯೆಯನ್ನೂ ತಡೆಯುವುದಿಲ್ಲ. ಸಿದ್ಧವಸ್ತುವಿನ ಗುಣವನ್ನು ವಿಚಾರಿಸುತ್ತದೆ. ಇಲ್ಲಿ ವ್ಯಾಕರಣಭೇದ ಬದುಕಿನ ಭೇದವಾಗುತ್ತದೆ. (2)ನ್ನು ಕೇಳಿದ ಅಂಗಡಿಯವರು ಮೇಲಿನ ಹಸಿ ಉಳ್ಳಾಗಡ್ಡಿಯನ್ನಷ್ಟೇ ಬಿಟ್ಟರೆ ಮಾತಿಗೆ ತಪ್ಪಿದಂತಾಗದು. ಆದರೆ ಗೊಜ್ಜಿನಲ್ಲಿ ಅದು ಬೆಂದು ಸೇರಿಯೇ ಇರುತ್ತದೆ. ರುಚಿಗಾಗಿ ಬೇಡವೆನ್ನುವವರಿಗೆ ಅಷ್ಟು ಸಾಕು. ಉಳ್ಳಾಗಡ್ಡಿಯನ್ನು ವ್ರತವಾಗಿ ವರ್ಜಿಸಿದ ಜೈನ ಗಿರಾಕಿಗೆ (3)ರಂಥ ಪ್ರಶ್ನೆಯೇ ಅಗತ್ಯ.

(4)ರ ‘ಸಾಕು’ ಕೂಡ ‘ಬೇಕು’, ‘ಬೇಡ’ಗಳಂತೆ ಪುರುಷ, ಲಿಂಗ, ವಚನ ಪ್ರತ್ಯಯಗಳನ್ನು ಪಡೆಯದ ಊನಕ್ರಿಯೆ. ಆದರೆ ಪ್ರಸ್ತುತ ಸನ್ನಿವೇಶದಲ್ಲಿ ಅದಕ್ಕೆ ವಿಶಿಷ್ಟವಾದ ಒಂದು ನಿಯಮವಿದೆ: ಹಾಕುವ ಕ್ರಿಯೆ ನಡೆಯುತ್ತಿರಬೇಕು, ಗಿರಾಕಿಗೆ ಅದು ಕಾಣುತ್ತಿರಬೇಕು. ಖಾರದ ಪುಡಿ ಬೀಳುತ್ತಿರುವಾಗ ನುಡಿದ ‘ಸಾಕ್ರಿ’ ಪ್ರಮಾಣವನ್ನು ಆ ಕ್ಷಣದಲ್ಲಿಯೇ ನಿರ್ಧರಿಸುತ್ತದೆ. ಬರ್ಗರ್ ಅಂಗಡಿಯ ಪರದೆಯಲ್ಲಿ ಪ್ರಮಾಣಗಳು ಪೂರ್ವನಿಶ್ಚಿತ. ತಯಾರಿಕೆಯೂ ಕಣ್ಣಿಗೆ ಮರೆ. ಆದುದರಿಂದ ಅಲ್ಲಿ ‘ಸಾಕು’ ಎಂಬುದಕ್ಕೆ ಅವಕಾಶವೇ ಇಲ್ಲ.

ಮೇಲಿನ ವಿಶ್ಲೇಷಣೆಯಿಂದ ಒಂದು ವಿಧಾನಾತ್ಮಕ ಸೂಚನೆ ದೊರೆಯುತ್ತದೆ. ನಿಷೇಧ ರೂಪಗಳನ್ನು ಬಿಡಿ ವಾಕ್ಯಗಳ ಅನುವಾದದ ಮೂಲಕ ಸಂಗ್ರಹಿಸಿದರೆ ನಾಲ್ಕೂ ಒಂದೇ ಅರ್ಥದವಾಗಿ ತೋರಬಹುದು. ಕೈ, ಪಾತ್ರೆ, ನೋಡುವ ಗಿರಾಕಿ ಮೂರೂ ಇರುವಲ್ಲಿ ಸಂಗ್ರಹಿಸಿದಾಗ ಮಾತ್ರ ಅವುಗಳ ವ್ಯಾಪ್ತಿ ಸ್ಪಷ್ಟವಾಗುತ್ತದೆ.